ಓದಲು ವಿದೇಶಕ್ಕೆ ಬಂದಿಳಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿದೇಶದಲ್ಲಿ ನನ್ನ ಓದು ಮುಗಿದ ಮೇಲೆ, ಹೊಸದಾಗಿ ಬರುವ ವಿದ್ಯಾರ್ಥಿಗಳ ಜೊತೆ ಕಚೇರಿಯಿಂದ ಕಚೇರಿಗೆ ಅಲೆಯುವ ಕೆಲಸ ಕೆಲವು ವರ್ಷ ನನ್ನ ಪಾಲಿಗೆ ಬಂತು. ಪ್ರತಿ ವರ್ಷವೂ ಹೊಸಬರು; ಕೇಳುವುದು ಮಾತ್ರ ಅದದೇ. ನನ್ನ ಕಾಲದಲ್ಲಿ ನಾನೂ ಅವನ್ನೇ ಕೇಳಿದ್ದೆ, ಕೆಲವನ್ನು ಕೇಳಲು ನಾಚಿ ಕೈ ಸುಟ್ಟುಕೊಂಡಿದ್ದೆ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ, ಒಂದೇ ದೇಶದಲ್ಲೂ ಆಗಾಗ ಬದಲಾಗುತ್ತವೆ. ಇಲ್ಲಿರುವ ಅಂಕಿಗಳನ್ನು ನಿಮ್ಮ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಒಮ್ಮೆ ತಾಳೆ ನೋಡಿಕೊಳ್ಳಿ.

ವಿಮಾನದಿಂದ ಇಳಿದ ಕೂಡಲೇ ಗಮನಿಸಬೇಕಾದದ್ದು ಏನು?

ವಲಸೆ ಅಧಿಕಾರಿ ಪಾಸ್‌ಪೋರ್ಟ್ ಹಿಂತಿರುಗಿಸಿದಾಗ ಅದನ್ನು ಚೀಲಕ್ಕೆ ಹಾಕುವ ಮೊದಲು ತೆರೆದು ನೋಡಿ. ವಿದ್ಯಾರ್ಥಿಯಾಗಿ ಬಂದವರನ್ನು ಪ್ರವಾಸಿ ಎಂದು ದಾಖಲಿಸಿಬಿಟ್ಟಿದ್ದರೆ ಕೌಂಟರಿನಲ್ಲೇ ತಿದ್ದಿಸುವುದು ಸುಲಭ, ಆಮೇಲೆ ತಿದ್ದಿಸುವುದೆಂದರೆ ವಾರಗಟ್ಟಲೆ ಅಲೆದಾಟ. ಅಮೆರಿಕದಲ್ಲಿ ಈ ದಾಖಲೆ ಐ-94 ಎಂಬ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ; ಇಳಿದ ದಿನವೇ ಅದರ ಪ್ರತಿ ತೆಗೆದಿಟ್ಟುಕೊಳ್ಳಿ. ಪ್ರವೇಶ ಪತ್ರ, ಹಣದ ಪುರಾವೆ, ವಿಮೆ, ಮೂಲ ಅಂಕಪಟ್ಟಿಗಳು ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಬೇರೆ ಊರಿಗೆ ಹೋಗಿಬಿಡುವುದು ಅಪರೂಪವೇನಲ್ಲ.

ಮನೆ, ಬ್ಯಾಂಕ್ ಖಾತೆ, ನೋಂದಣಿ: ಇವುಗಳಲ್ಲಿ ಯಾವುದು ಮೊದಲು?

ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆ ಮೊದಲ ವಾರದಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಬ್ಯಾಂಕಿನವರು ವಿಳಾಸದ ಪುರಾವೆ ಕೇಳುತ್ತಾರೆ. ಪುರಾವೆಗೆ ಬಾಡಿಗೆ ಕರಾರು ಬೇಕು. ಕರಾರು ಮಾಡಿಕೊಳ್ಳುವ ಮನೆಯೊಡೆಯರು ಬಾಡಿಗೆ ಕಟ್ಟಲು ಅಲ್ಲಿಯದೇ ಬ್ಯಾಂಕ್ ಖಾತೆ ಕೇಳುತ್ತಾರೆ.

ಈ ಗಂಟನ್ನು ಬಿಡಿಸಲು ವಿಳಾಸದ ಎಳೆಯನ್ನು ಹಿಡಿಯಿರಿ. ಮೊದಲ ತಿಂಗಳಿಗೆ ತಾತ್ಕಾಲಿಕ ವಸತಿ ಹುಡುಕುವಾಗ ಕೋಣೆ ಹೇಗಿದೆ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: "ಈ ವಿಳಾಸದಲ್ಲಿ ನೋಂದಣಿ ಮಾಡಿಸಲು ಲಿಖಿತ ಪತ್ರ ಕೊಡುತ್ತೀರಾ?" ಇಲ್ಲ ಎಂದರೆ ಆ ಕೋಣೆ ಎಷ್ಟೇ ಅಗ್ಗವಾಗಿದ್ದರೂ ನಿಮ್ಮ ಮುಂದಿನ ಕೆಲಸಗಳೆಲ್ಲ ನಿಲ್ಲುತ್ತವೆ. ಜರ್ಮನಿಯಲ್ಲಿ ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕು. ತೆರಿಗೆ ಸಂಖ್ಯೆ ಬರುವುದೂ ಆ ವಿಳಾಸಕ್ಕೇ. ಜಪಾನಿನಲ್ಲಿ ಮನೆ ಸೇರಿದ 14 ದಿನದೊಳಗೆ ನಗರಾಡಳಿತದ ಕಚೇರಿಗೆ ತಿಳಿಸಬೇಕು. ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರು ವಿಳಾಸ ಬದಲಾದ 10 ದಿನದೊಳಗೆ ವಿಶ್ವವಿದ್ಯಾಲಯಕ್ಕೆ ತಿಳಿಸಬೇಕು. ಬ್ರಿಟನ್ನಿನಲ್ಲಾದರೆ, ಬ್ಯಾಂಕಿಗೆ ತೋರಿಸಲೆಂದೇ ವಿದ್ಯಾರ್ಥಿಯ ವಿಳಾಸ ನಮೂದಿಸಿದ ಪತ್ರವನ್ನು ಅನೇಕ ವಿಶ್ವವಿದ್ಯಾಲಯಗಳು ಕೊಡುತ್ತವೆ. ಕೇಳಿದವರಿಗೆ ಮಾತ್ರ ಕೊಡುತ್ತವೆ ಎಂಬುದನ್ನು ಮರೆಯಬೇಡಿ.

ಕಾಗದದ ಮೇಲೆ ವಿಳಾಸ ಸಿಕ್ಕಿತೆಂದು ನಿರಾಳವಾಗಬೇಡಿ. ನಾನು ಜರ್ಮನಿಯಲ್ಲಿ ಖಾತೆ ತೆರೆದು ಕಾರ್ಡಿಗಾಗಿ ಕಾಯುತ್ತಿದ್ದೆ. 1 ವಾರ, 2 ವಾರ, 3 ವಾರ. ಬ್ಯಾಂಕಿಗೆ ಹೋಗಿ ಜೋರು ಮಾಡಿದರೆ, ಎರಡು ಸಲ ಕಳಿಸಿದ್ದೇವೆ, ಎರಡು ಸಲವೂ ವಾಪಸ್ ಬಂದಿದೆ ಎಂದರು. ಅಲ್ಲಿನ ವಸತಿ ಕಟ್ಟಡಗಳಲ್ಲಿ ಮನೆಗಳಿಗೆ ಸಾಮಾನ್ಯವಾಗಿ ಬಾಗಿಲ ಸಂಖ್ಯೆ ಇರುವುದಿಲ್ಲ. ಅಂಚೆಯವರು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು. ನನ್ನ ಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರನ ಹೆಸರೇ ಇತ್ತು. ಬೆರಳಗಲದ ಕಾಗದದ ಮೇಲೆ ನನ್ನ ಹೆಸರು ಬರೆದು ಅಂಟುಪಟ್ಟಿ ಹಚ್ಚಿದೆ. 5 ದಿನದಲ್ಲಿ ಕಾರ್ಡ್ ಬಂತು. ಆ 3 ವಾರ ಗೆಳೆಯನೊಬ್ಬನ ಸಾಲದಲ್ಲಿ ಬದುಕಿದ್ದೆ.

ಊರಿನಲ್ಲಿರುವಾಗಲೇ ಚಿತ್ರ ನೋಡಿ ಮನೆಗೆ ಮುಂಗಡ ಕೊಟ್ಟುಬಿಡಬಹುದೇ?

ವಿಶ್ವವಿದ್ಯಾಲಯದ ಹಾಸ್ಟೆಲ್ ಆದರೆ ಕೊಡಿ. ಬೇರೆಯವರಿಗೆ ಬೇಡ. ಮೋಸದ ಕಥೆ ಎಲ್ಲ ದೇಶಗಳಲ್ಲೂ ಒಂದೇ: ಮನೆ ಚೆಂದ, ಬಾಡಿಗೆ ಕಡಿಮೆ, ಮಾಲೀಕರು ಕೆಲಸದ ಮೇಲೆ ಪರದೇಶದಲ್ಲಿದ್ದಾರೆ, ಮುಂಗಡ ಕಳಿಸಿದರೆ ಬೀಗದ ಕೈಯನ್ನು ಅಂಚೆಯಲ್ಲಿ ಕಳಿಸುತ್ತಾರೆ. ನಂಬಿಸಲು ಪಾಸ್‌ಪೋರ್ಟಿನ ಚಿತ್ರವನ್ನೂ ಕಳಿಸುತ್ತಾರೆ. ಅದು ಹಿಂದೆ ಮೋಸಹೋದ ಇನ್ಯಾರದೋ ಪಾಸ್‌ಪೋರ್ಟ್ ಆಗಿರುತ್ತದೆ. ಮೊದಲ ಕೆಲವು ವಾರಗಳಿಗೆ ಮಾತ್ರ ತಾತ್ಕಾಲಿಕ ವ್ಯವಸ್ಥೆ ಮಾಡಿಕೊಂಡು ಬನ್ನಿ. ಮನೆಯೊಳಗೆ ಕಾಲಿಟ್ಟು, ನಲ್ಲಿ ತಿರುಗಿಸಿ, ರಾತ್ರಿ ಆ ಬೀದಿಯಲ್ಲಿ ಒಮ್ಮೆ ನಡೆದು, ಆಮೇಲೆ ಸಹಿ ಹಾಕಿ.

ಮನೆ ಬಿಡುವಾಗ ಠೇವಣಿ ಪೂರ್ತಿ ವಾಪಸ್ ಬರುತ್ತದೆಯೇ?

ಬರುವುದೂ ಬಾರದಿರುವುದೂ ಮನೆ ಸೇರಿದ ದಿನ ನೀವು ಏನು ಮಾಡಿದಿರಿ ಎಂಬುದರ ಮೇಲಿದೆ. ಸಾಮಾನು ಒಳಗೆ ತರುವ ಮೊದಲು, ಖಾಲಿ ಮನೆಯಲ್ಲಿ ಮೊಬೈಲ್ ಹಿಡಿದು ನಿಧಾನವಾಗಿ ಒಂದು ಸುತ್ತು ವಿಡಿಯೊ ಮಾಡಿ. ಗೋಡೆಯ ಕಲೆ, ನೆಲದ ಗೀರು, ಒಲೆಯ ಸುಟ್ಟ ಗುರುತು, ಹಾಸಿಗೆಯ ಎರಡೂ ಬದಿ, ವಿದ್ಯುತ್ ಮತ್ತು ನೀರಿನ ಮೀಟರಿನ ಅಂಕಿ. ಕಿಟಕಿಯ ಚೌಕಟ್ಟಿನ ಕೆಳಅಂಚನ್ನು ಹತ್ತಿರದಿಂದ ತೆಗೆಯಿರಿ: ತಂಪು ದೇಶಗಳಲ್ಲಿ ಅಲ್ಲಿ ಕರಿಯ ಬೂಷ್ಟು ಕೂತಿರುತ್ತದೆ. ನನ್ನ ಮೊದಲ ಮನೆಯ ಕಿಟಕಿಯಲ್ಲಿ ಅದು ನಾನು ಬರುವ ಮೊದಲೇ ಇತ್ತು, ತೋರಿಸಲು ಚಿತ್ರವಿರಲಿಲ್ಲ, ಬಣ್ಣ ಹೊಡೆಸಿದ ಖರ್ಚು ನನ್ನ ಠೇವಣಿಯಿಂದಲೇ ಹೋಯಿತು. ಆ ವಿಡಿಯೊವನ್ನು ಅದೇ ದಿನ ಮಾಲೀಕರಿಗೆ ಇಮೇಲ್ ಮಾಡಿ. ತಾರೀಕು ತಾನಾಗಿಯೇ ಬೀಳುತ್ತದೆ, ನಾಳೆ ಯಾರೂ ಇಲ್ಲ ಎನ್ನುವಂತಿಲ್ಲ.

ಕಾನೂನೂ ನಿಮ್ಮ ಬೆನ್ನಿಗಿದೆ. ಇಂಗ್ಲೆಂಡಿನಲ್ಲಿ ಸಾಮಾನ್ಯ ಮನೆಗಳ ಠೇವಣಿ 5 ವಾರದ ಬಾಡಿಗೆಯನ್ನು ಮೀರುವಂತಿಲ್ಲ, ಪಡೆದ 30 ದಿನದೊಳಗೆ ಅದನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರಲ್ಲಿ ಇಡಬೇಕು. ಜರ್ಮನಿಯಲ್ಲಿ ಮಿತಿ 3 ತಿಂಗಳ ಬಾಡಿಗೆ, ಅದೂ ಬಿಸಿಮಾಡುವ ಖರ್ಚು ಮೊದಲಾದವನ್ನು ಬಿಟ್ಟು. ಮಾಲೀಕರು ಆ ಹಣವನ್ನು ತಮ್ಮ ಹಣದ ಜೊತೆ ಬೆರೆಸುವಂತಿಲ್ಲ. ಜಪಾನಿನಲ್ಲಿ ಮಾತ್ರ ಎಚ್ಚರ: ಠೇವಣಿಯಲ್ಲದೆ "ರೇಕಿನ್" ಎಂದು ಮಾಲೀಕರಿಗೆ ಕೊಡುವ ಮೊತ್ತವೊಂದಿರಬಹುದು, ಅದು ಕಾಣಿಕೆ, ತಿರುಗಿ ಬಾರದು.

ಬೂಷ್ಟಿನ ಮಾತು ಬಂದದ್ದರಿಂದ: ಚಳಿಗಾಲದಲ್ಲಿ ಕಿಟಕಿಯನ್ನು ದಿನವಿಡೀ ಅರ್ಧ ತೆರೆದಿಡುವುದಕ್ಕಿಂತ, ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಪೂರ್ತಿ ತೆರೆದು ಮುಚ್ಚಿ. ಒಳಗಿನ ತೇವ ಹೋಗುತ್ತದೆ, ಗೋಡೆಯ ಬಿಸಿ ಉಳಿಯುತ್ತದೆ.

ಹಣದ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಯಾವುದು?

ಎಟಿಎಂ ಪರದೆಯ ಮೇಲೆ "ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕೋಣವೇ?" ಎಂದು ಕೇಳಿದಾಗ ಹೂಂ ಎನ್ನುವುದು. ಆ ಸೌಜನ್ಯಕ್ಕೆ ಬೆಲೆಯಿದೆ; ವಿನಿಮಯ ದರವನ್ನು ಯಂತ್ರದವರು ತಮಗೆ ಬೇಕಾದಂತೆ ಹಾಕಿಕೊಳ್ಳುತ್ತಾರೆ. ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ. ಊರಿನಿಂದ ಹಣ ತರಿಸಿಕೊಳ್ಳುವಾಗಲೂ "ಶುಲ್ಕವಿಲ್ಲ" ಎಂಬ ಜಾಹೀರಾತು ನೋಡಿ ಮರುಳಾಗಬೇಡಿ. ಕೊನೆಗೆ ಕೈಗೆ ಎಷ್ಟು ಬರುತ್ತದೆ ಎಂಬ ಒಂದೇ ಅಂಕಿಯನ್ನು ಹೋಲಿಸಿ.

ಮೊದಲ ತಿಂಗಳ ಖರ್ಚು ಮಿಕ್ಕ ತಿಂಗಳುಗಳಂತಿರುವುದಿಲ್ಲ. ಠೇವಣಿ, ಹೊದಿಕೆ, ಪಾತ್ರೆ, ಪ್ರಯಾಣದ ಪಾಸ್ ಎಲ್ಲ ಒಟ್ಟಿಗೆ ಬೀಳುತ್ತವೆ. ಅದನ್ನು ನೋಡಿ ವರ್ಷವಿಡೀ ಹೀಗೆಯೇ ಎಂದು ತಲೆಯ ಮೇಲೆ ಕೈಹೊತ್ತು ಕೂರಬೇಡಿ.

ಹಳೆಯ ಸಿಮ್ ಎಸೆದುಬಿಡಲೇ?

ಖಂಡಿತ ಬೇಡ. ನಿಮ್ಮ ಊರಿನ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರಡುವ ಮೊದಲು ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಅಗ್ಗದ ರೀಚಾರ್ಜಿನಲ್ಲಿ ಜೀವಂತವಾಗಿಡಿ.

ಊರಿನಿಂದ ತಂದ ವಿದ್ಯುತ್ ಉಪಕರಣಗಳು ಅಲ್ಲಿ ನಡೆಯುತ್ತವೆಯೇ?

ಉಪಕರಣದ ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಿ. 100–240 ವೋಲ್ಟ್ ಎಂದಿದ್ದರೆ ಎಲ್ಲಿಯೂ ನಡೆಯುತ್ತದೆ. ಲ್ಯಾಪ್‌ಟಾಪ್, ಮೊಬೈಲ್ ಚಾರ್ಜರುಗಳು ಬಹುಪಾಲು ಹೀಗಿರುತ್ತವೆ. ಜಪಾನಿನಲ್ಲಿ 100, ಅಮೆರಿಕ ಕೆನಡಾಗಳಲ್ಲಿ 120, ಯುರೋಪಿನಲ್ಲಿ 230 ವೋಲ್ಟ್. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನಷ್ಟೇ, ವೋಲ್ಟೇಜನ್ನಲ್ಲ. ಇಸ್ತ್ರಿ ಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರದಂಥ ಬಿಸಿಯಾಗುವ ಸಾಮಾನನ್ನು ಊರಿನಲ್ಲೇ ಬಿಟ್ಟು ಬನ್ನಿ.

ಹುಷಾರು ತಪ್ಪಿದರೆ ಎಲ್ಲಿಗೆ ಹೋಗಬೇಕು?

ಹುಷಾರಾಗಿರುವಾಗಲೇ ಇದನ್ನು ಕೇಳಿಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ ವೀಸಾದ ಜೊತೆಗೇ ಆರೋಗ್ಯ ಶುಲ್ಕ ಕಟ್ಟಿರುತ್ತೀರಿ, ಆದರೆ ಮನೆಯ ಹತ್ತಿರದ ಕುಟುಂಬ ವೈದ್ಯರಲ್ಲಿ ಹೆಸರು ಬರೆಸದಿದ್ದರೆ ಸಾಮಾನ್ಯ ಜ್ವರಕ್ಕೂ ಪರದಾಡಬೇಕು. ಅಮೆರಿಕದಲ್ಲಿ ನಿಮ್ಮ ವಿಮಾ ಕಂಪನಿ ಒಪ್ಪಂದ ಮಾಡಿಕೊಂಡಿರುವ ವೈದ್ಯರು ಯಾರು ಎಂದು ಮೊದಲೇ ನೋಡಿಡದಿದ್ದರೆ ಬಿಲ್ ನೋಡಿ ಮತ್ತೆ ಜ್ವರ ಬರುತ್ತದೆ. ಅಲ್ಲಿ ಮೊದಲ ನಿಲುಗಡೆ ಕ್ಯಾಂಪಸ್ಸಿನ ಆರೋಗ್ಯ ಕೇಂದ್ರ. ತುರ್ತು ವಿಭಾಗವನ್ನು ನಿಜವಾದ ತುರ್ತಿಗೆ ಬಿಡಿ.

ತುರ್ತು ಸಂಖ್ಯೆ: ಯುರೋಪಿನ ಒಕ್ಕೂಟದಲ್ಲಿ 112, ಅಮೆರಿಕ ಕೆನಡಾಗಳಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111. ಜಪಾನಿನಲ್ಲಿ ಆಂಬುಲೆನ್ಸಿಗೆ 119, ಪೊಲೀಸರಿಗೆ 110.

ಔಷಧಿ ಒಯ್ಯುವವರು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ಚೀಟಿಯಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು ಇರಲಿ. ಒಂದು ದೇಶದಲ್ಲಿ ಕೇಳಿದ ಕೂಡಲೇ ಸಿಗುವ ನೆಗಡಿಯ ಮಾತ್ರೆ ಇನ್ನೊಂದರಲ್ಲಿ ನಿಷಿದ್ಧ: ಸ್ಯೂಡೋಎಫೆಡ್ರಿನ್ 10 ಶೇಕಡಕ್ಕಿಂತ ಹೆಚ್ಚಿರುವ ಔಷಧಿಯನ್ನು ಜಪಾನಿಗೆ ತರುವಂತಿಲ್ಲ.

ಓದಿನ ಜೊತೆಗೆ ಎಷ್ಟು ಗಂಟೆ ಕೆಲಸ ಮಾಡಬಹುದು?

ಬ್ರಿಟನ್ನಿನಲ್ಲಿ ಪದವಿ ಮಟ್ಟದ ವಿದ್ಯಾರ್ಥಿಗಳಿಗೆ ತರಗತಿಗಳು ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆ. ಕೆನಡಾದಲ್ಲಿ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ, 2024ರ ನವೆಂಬರಿನಿಂದ. ಆಸ್ಟ್ರೇಲಿಯಾದಲ್ಲಿ 2 ವಾರಕ್ಕೆ 48 ಗಂಟೆ, 2023ರ ಜುಲೈಯಿಂದ. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಜಪಾನಿನಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ. ಅಮೆರಿಕದ ಎಫ್-1 ವಿದ್ಯಾರ್ಥಿಗಳಿಗೆ ತರಗತಿಗಳ ಕಾಲದಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ. ಮೊದಲ ವರ್ಷ ಹೊರಗೆ ದುಡಿಯುವಂತೆಯೇ ಇಲ್ಲ.

ಜನ ಎಡವುವುದು ಲೆಕ್ಕದಲ್ಲಿ. ಬ್ರಿಟನ್ನಿನ ವಾರ ಎಂದರೆ ಸೋಮವಾರದಿಂದ ಭಾನುವಾರ. ಈ ವಾರ 26 ಗಂಟೆ ದುಡಿದು ಮುಂದಿನ ವಾರ 14ಕ್ಕೆ ಇಳಿಸಿದೆ, ಸರಾಸರಿ 20 ಆಯಿತಲ್ಲ ಎಂದರೆ ಯಾರೂ ಕೇಳುವುದಿಲ್ಲ. ಮೊದಲ ವಾರದಲ್ಲೇ ನಿಯಮ ಮುರಿದಾಗಿದೆ. ಎರಡು ಕಡೆ ಕೆಲಸವಿದ್ದರೆ ಎರಡನ್ನೂ ಕೂಡಿಸಬೇಕು. ನಗದಾಗಿ ಕೈಗೆ ಕೊಡುತ್ತೇನೆ, ಕಾಗದಪತ್ರ ಬೇಡ ಎನ್ನುವ ಯಜಮಾನರಿಂದ ದೂರವಿರಿ. ಸಂಬಳ ಕೊಡದೆ ಕೈಯೆತ್ತಿದರೆ ದೂರು ಕೊಡಲು ನೀವು ಹೆದರುತ್ತೀರಿ ಎಂಬುದು ಅವರಿಗೆ ಗೊತ್ತು.

ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಬಸ್ ಚಾಲಕ ಹೇಳಿದ್ದು ಒಂದಕ್ಷರವೂ ಅರ್ಥವಾಗಲಿಲ್ಲ. ಏಕೆ?

ಪರೀಕ್ಷೆಯಲ್ಲಿ ಬಸ್ ಚಾಲಕರು ಮಾತನಾಡುವುದಿಲ್ಲ. ಬರಬರುತ್ತಾ ಕಿವಿ ಪಳಗುತ್ತದೆ. ಎಲ್ಲಕ್ಕಿಂತ ಕಷ್ಟ ದೂರವಾಣಿ, ಏಕೆಂದರೆ ತುಟಿ ಕಾಣುವುದಿಲ್ಲ. ಕರೆ ಮಾಡುವ ಮೊದಲು ಮೊದಲ ಎರಡು ವಾಕ್ಯ ಬರೆದಿಟ್ಟುಕೊಳ್ಳಿ, ನಿಮ್ಮ ಹೆಸರಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿ ಅಭ್ಯಾಸ ಮಾಡಿ. ಅರ್ಥವಾಗದೆ ತಲೆಯಾಡಿಸುವುದಕ್ಕಿಂತ "ಇನ್ನೊಮ್ಮೆ ಹೇಳಿ" ಎನ್ನುವುದೇ ಮೇಲು. ನಾನು ತಲೆಯಾಡಿಸಿ ಒಮ್ಮೆ ಎರಡು ವರ್ಷದ ಇಂಟರ್ನೆಟ್ ಒಪ್ಪಂದಕ್ಕೆ ಸಿಕ್ಕಿಬಿದ್ದಿದ್ದೇನೆ.

ತರಗತಿಯ ಲೆಕ್ಕಾಚಾರವೇ ಹಿಡಿತಕ್ಕೆ ಸಿಗುತ್ತಿಲ್ಲ. ವಾರಕ್ಕೆ ಕೆಲವೇ ಗಂಟೆ ಪಾಠ, ಉಳಿದ ಸಮಯ ಬಿಡುವೇ?

ಅದು ಬಿಡುವಲ್ಲ. ಓದಿನ ಹೊರೆಯನ್ನು ಕ್ರೆಡಿಟ್ಟುಗಳಲ್ಲಿ ಅಳೆಯುವ ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ, ಪೂರ್ಣಾವಧಿಯ ವರ್ಷಕ್ಕೆ 60 ಕ್ರೆಡಿಟ್. ಅಂದರೆ ವರ್ಷಕ್ಕೆ 1,500ರಿಂದ 1,800 ಗಂಟೆ. ಪಾಠದ ಕೋಣೆಯಲ್ಲಿ ಕಳೆಯುವುದು ಅದರ ಒಂದು ಪಾಲು ಮಾತ್ರ, ಮಿಕ್ಕದ್ದು ನೀವೇ ಕೂತು ಓದಬೇಕಾದದ್ದು.

ಅಧ್ಯಾಪಕರು ವಿದ್ಯಾರ್ಥಿಗಳಿಗೆಂದೇ ಕಚೇರಿಯಲ್ಲಿ ಕೂರುವ ಸಮಯ ಎಂದು ವೇಳಾಪಟ್ಟಿಯಲ್ಲಿ ಹಾಕಿರುತ್ತಾರೆ. ಅದು ದಡ್ಡರಿಗೆ ಮೀಸಲು ಎಂದು ನಾನು ಇಡೀ ಒಂದು ಸೆಮಿಸ್ಟರ್ ಹೋಗಲಿಲ್ಲ. ಹೋದ ದಿನ ನೋಡಿದರೆ ಪ್ರೊಫೆಸರ್ ಒಬ್ಬರೇ ಕೂತು ಕಿಟಕಿಯಾಚೆ ನೋಡುತ್ತಿದ್ದರು. ಯಾರಾದರೂ ಬಂದರಲ್ಲ ಎಂದು ಅವರಿಗೇ ಖುಷಿ. "ಏನೂ ಅರ್ಥವಾಗಲಿಲ್ಲ" ಎಂದು ಹೋಗಬೇಡಿ. "ಈ ಪುಟದ ಈ ಸಾಲಿನವರೆಗೆ ಬಂದೆ, ಇಲ್ಲಿಂದ ಮುಂದಕ್ಕೆ ದಾರಿ ಕಾಣಲಿಲ್ಲ" ಎಂದು ಬೆರಳಿಟ್ಟು ತೋರಿಸಿ.

ಕೃತಿಚೌರ್ಯದ ನಿಯಮ ನೀವು ಅಂದುಕೊಂಡದ್ದಕ್ಕಿಂತ ಬಿಗಿಯಾಗಿರುತ್ತದೆ. ಸಾಲುಗಳನ್ನು ನಕಲು ಮಾಡುವುದಷ್ಟೇ ಅಲ್ಲ, ಬೇರೆಯವರ ವಿಚಾರವನ್ನು ನಿಮ್ಮ ಮಾತಿನಲ್ಲಿ ಬರೆದು ಮೂಲ ಹೇಳದಿದ್ದರೂ ತಪ್ಪೇ. ಗೆಳೆಯ "ಸುಮ್ಮನೆ ನೋಡುತ್ತೇನೆ" ಎಂದು ನಿಮ್ಮ ಫೈಲ್ ಕೇಳಿ, ಅದರಿಂದ ಎರಡು ಪ್ಯಾರಾ ಎತ್ತಿಕೊಂಡರೆ, ಕೊಟ್ಟವರೂ ವಿಚಾರಣೆಗೆ ಹೋಗಬೇಕಾಗುತ್ತದೆ. ಎಐ ಉಪಕರಣಗಳ ನಿಯಮ ಒಂದೇ ವಿಭಾಗದಲ್ಲೂ ವಿಷಯದಿಂದ ವಿಷಯಕ್ಕೆ ಬೇರೆ. ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಬಂದು ಆರು ತಿಂಗಳಾಯಿತು. ಎಲ್ಲವೂ ಸರಿಯಿದೆ, ಮನಸ್ಸು ಮಾತ್ರ ಸರಿಯಿಲ್ಲ. ನನಗೇನಾಗಿದೆ?

ಬಹುಶಃ ಅನೇಕರಿಗೆ ಆಗುವುದೇ ಆಗಿದೆ. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್ಗಾರ್ಡ್, ಫುಲ್‌ಬ್ರೈಟ್ ಎಂಬ ವಿದ್ಯಾ ವಿನಿಮಯದ ಅನುದಾನದಲ್ಲಿ ಅಮೆರಿಕಕ್ಕೆ ಹೋಗಿ ಬಂದಿದ್ದ ಸುಮಾರು 200 ನಾರ್ವೇಜಿಯನ್ನರನ್ನು ಮಾತನಾಡಿಸಿ 1955ರಲ್ಲಿ ಬರೆದದ್ದು ಇದು: 6 ತಿಂಗಳಿಗಿಂತ ಕಡಿಮೆ ಇದ್ದವರು ಅಲ್ಲಿ ಚೆನ್ನಾಗಿ ಹೊಂದಿಕೊಂಡಿದ್ದರು, 18 ತಿಂಗಳು ಮೀರಿ ಇದ್ದವರೂ ಹೊಂದಿಕೊಂಡಿದ್ದರು, ನಡುವೆ ಇದ್ದವರೇ ಹೆಚ್ಚು ಒದ್ದಾಡಿದ್ದರು. ಈ ಆಕಾರ ಎಲ್ಲರಿಗೂ ಹೊಂದದು ಎಂದು ನಂತರದ ಅಧ್ಯಯನಗಳು ಹೇಳಿವೆ. ಕೆಲವರಿಗೆ ಮೊದಲ ವಾರವೇ ಅತ್ಯಂತ ಕಷ್ಟದ್ದು. ಆದರೂ ನಾನು ಕಂಡವರಲ್ಲಿ ಬಹಳ ಮಂದಿ ಮೊದಲ ತಿಂಗಳು ಓಡಾಟದಲ್ಲಿ ಗಟ್ಟಿಯಾಗಿದ್ದು, ಮಾಡಲು ಕೆಲಸ ಉಳಿಯದಾಗ ಕುಸಿದರು. ಎಲ್ಲರೂ "ಈಗ ಒಗ್ಗಿರಬೇಕಲ್ಲ" ಎನ್ನುವ ಹೊತ್ತಿಗೆ ಸರಿಯಾಗಿ ಅದು ಬರುತ್ತದೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬೆಳಕಿನ ಪಾಲೂ ಇದೆ. ಡಿಸೆಂಬರಿನ ಕೊನೆಯಲ್ಲಿ ಸ್ಟಾಕ್‌ಹೋಮಿನಲ್ಲಿ ಹಗಲು ಸುಮಾರು 6 ಗಂಟೆ, ಎಡಿನ್‌ಬರೋದಲ್ಲಿ ಸುಮಾರು 7. ಬೆಳಗಿನ ತರಗತಿಗೆ ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಮರಳಿದರೆ ಸೂರ್ಯನನ್ನು ಕಾಣುವುದು ಶನಿವಾರವೇ. ಚಳಿಗಾಲದ ಈ ಖಿನ್ನತೆಗೆ ವೈದ್ಯಶಾಸ್ತ್ರದಲ್ಲಿ 1984ರಿಂದಲೂ ಹೆಸರಿದೆ. 10,000 ಲಕ್ಸ್ ಬೆಳಕಿನ ದೀಪದೆದುರು ಬೆಳಿಗ್ಗೆ ಅರ್ಧ ಗಂಟೆ ಕೂರುವುದು ರೂಢಿಯಲ್ಲಿರುವ ಚಿಕಿತ್ಸೆ. ಕಣ್ಣಿನ ತೊಂದರೆ ಇರುವವರು, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ. ದೀಪವಿಲ್ಲದಿದ್ದರೆ ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯಿರಿ, ಮೋಡವಿದ್ದರೂ. ನಿದ್ದೆ, ಹಸಿವು ಎರಡು ವಾರ ಮೀರಿ ಕೆಟ್ಟಿದ್ದರೆ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರಲ್ಲಿ ಸಮಯ ಕೇಳಿ. ಸಾಯುವ ಯೋಚನೆ ಬಂದರೆ ಸರದಿಗಾಗಿ ಕಾಯಬೇಡಿ. ಮೇಲಿನ ತುರ್ತು ಸಂಖ್ಯೆಗಳು ಅದಕ್ಕೂ ಇವೆ.

ನಮ್ಮ ಭಾಷೆಯವರ ಜೊತೆಗೇ ಇದ್ದರೆ ತಪ್ಪೇ?

ತಪ್ಪೇನಿಲ್ಲ. ಹಾಗೆ ಬೈಯುವವರಿಗೆ ಪರಭಾಷೆಯಲ್ಲಿ ದಿನವಿಡೀ ಮಾತನಾಡಿದ ದಣಿವು ಗೊತ್ತಿಲ್ಲ. ಜೊತೆಗೆ ಇನ್ನೊಂದು ಬಳಗವೂ ಇರಲಿ: ಒಂದು ಆಟ, ಒಂದು ಹಾಡಿನ ತಂಡ, ಏನಾದರೂ. ಸ್ನೇಹ ಒಂದು ಸಂಜೆಯ ಸಮಾರಂಭದಲ್ಲಿ ಆಗುವುದಿಲ್ಲ. ಪ್ರತಿ ಮಂಗಳವಾರ ಅದೇ ಜಾಗದಲ್ಲಿ ಅದೇ ಮುಖಗಳನ್ನು ಎಂಟು ಹತ್ತು ಸಲ ನೋಡಿದ ಮೇಲೆ ಯಾರೋ "ಹೋದ ವಾರ ಕಾಣಲಿಲ್ಲವಲ್ಲ" ಎನ್ನುತ್ತಾರೆ.

ಪೊಲೀಸರಿಂದ ಕರೆ ಬಂದಿದೆ, ವೀಸಾ ರದ್ದಾಗುತ್ತದಂತೆ, ಈಗಲೇ ಹಣ ಕಟ್ಟಬೇಕಂತೆ.

ಮೋಸ. ಕರೆ ಕತ್ತರಿಸಿ. ಪರದೆಯ ಮೇಲೆ ಸರ್ಕಾರಿ ಸಂಖ್ಯೆಯೇ ಕಾಣಿಸಿದರೂ ನಂಬಬೇಡಿ, ಅದನ್ನು ನಕಲು ಮಾಡಬಹುದು. ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿಸಿಕೊಳ್ಳುವ ಸರ್ಕಾರ ಎಲ್ಲಿಯೂ ಇಲ್ಲ. "ಯಾರಿಗೂ ಹೇಳಬೇಡ, ಕರೆ ಕತ್ತರಿಸಬೇಡ" ಎಂದರೆ ಅದೇ ಗುರುತು.

ಇದಕ್ಕಿಂತ ಸಿಹಿಯಾಗಿ ಬರುವ ಇನ್ನೊಂದು ಬಲೆಯಿದೆ: "ನಿನ್ನ ಖಾತೆಗೆ ಹಣ ಹಾಕುತ್ತೇನೆ, ಸ್ವಲ್ಪ ನೀನಿಟ್ಟುಕೊಂಡು ಉಳಿದದ್ದನ್ನು ಮುಂದೆ ಕಳಿಸು." ಅದು ಕಳ್ಳಹಣದ ಸಾಗಾಟ. ಗೊತ್ತಿರಲಿಲ್ಲ ಎಂದರೂ ಖಾತೆ ಮುಚ್ಚುತ್ತದೆ, ಮೊಕದ್ದಮೆಯೂ ಬರಬಹುದು.

ನಿಜವಾಗಿಯೇ ಪೊಲೀಸರು ಬಂಧಿಸಿದರೆ, ನಿಮ್ಮ ದೇಶದ ದೂತಾವಾಸಕ್ಕೆ ತಿಳಿಸಿ ಎಂದು ಕೇಳಿ. 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿ ಆ ಹಕ್ಕನ್ನು ಕೊಡುತ್ತದೆ.

ಓದುತ್ತಿರುವ ವಿಷಯಗಳಲ್ಲಿ ಒಂದನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೇನೆ. ಬಿಡಬಹುದೇ?

ವೀಸಾದ ಕಡೆಯಿಂದ ನೋಡದೆ ಬಿಡಬೇಡಿ. ಅಮೆರಿಕದಲ್ಲಿ ಎಫ್-1 ಪದವಿ ವಿದ್ಯಾರ್ಥಿಗೆ ಸೆಮಿಸ್ಟರಿಗೆ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ ಇರಬೇಕು. ಅದಕ್ಕಿಂತ ಇಳಿಯಬೇಕಾದರೆ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಸಲಹೆಗಾರರ ಅನುಮತಿ ಮೊದಲು, ಬಿಡುವುದು ಆಮೇಲೆ. ಕಾಯಿಲೆಯೇ ಕಾರಣವಾದರೂ ಅದೇ ಕ್ರಮ. ಬಿಟ್ಟ ಮೇಲೆ ಹೋಗಿ ಹೇಳಿದರೆ ಸಲಹೆಗಾರರು ಮರುಗಬಹುದು, ತಾರೀಕನ್ನು ಹಿಂದಕ್ಕೆ ಹಾಕಲಾರರು.

ರಜೆಗೆ ಊರಿಗೆ ಹೋಗಿ ಬರಲು ಏನೇನು ನೋಡಿಕೊಳ್ಳಬೇಕು?

ವೀಸಾ ಒಂದೇ ಸಲದ ಪ್ರವೇಶಕ್ಕೋ ಹಲವು ಸಲಕ್ಕೋ ನೋಡಿ. ಅಮೆರಿಕದಲ್ಲಾದರೆ ವಿಶ್ವವಿದ್ಯಾಲಯ ವೀಸಾಕ್ಕೆಂದು ಕೊಟ್ಟ ಐ-20 ಪತ್ರದ ಮೇಲೆ ಪ್ರಯಾಣದ ಸಹಿ ಇರಬೇಕು, ಸಾಮಾನ್ಯವಾಗಿ ಅದು 1 ವರ್ಷ ನಡೆಯುತ್ತದೆ. ವಾಸದ ಕಾರ್ಡ್ ನವೀಕರಣಕ್ಕೆ ಕೊಟ್ಟಿದ್ದರೆ, ಮರಳಿ ಬರಲು ಬೇಕಾದ ಪತ್ರ ಕೈಯಲ್ಲಿದೆಯೇ ಎಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಿ. ಚಳಿಗಾಲವಾದರೆ ಮನೆಯ ಹೀಟರನ್ನು ಪೂರ್ತಿ ಆರಿಸಬೇಡಿ, ಕೊಳವೆಯ ನೀರು ಹೆಪ್ಪುಗಟ್ಟಿ ಒಡೆಯಬಹುದು. ಅಂಚೆಪೆಟ್ಟಿಗೆಯ ಬೀಗದ ಕೈಯನ್ನು ಪಕ್ಕದ ಮನೆಯವರಿಗೋ ಗೆಳೆಯರಿಗೋ ಕೊಟ್ಟು, ವಾರಕ್ಕೊಮ್ಮೆ ತೆರೆದು ಸರ್ಕಾರಿ ಮುದ್ರೆಯ ಲಕೋಟೆ ಬಂದಿದ್ದರೆ ಅದರ ಚಿತ್ರ ಕಳಿಸಲು ಹೇಳಿ.